ಮೇಲಿನ ಮನೆಯ ಮದುವೆ, ಕೆಳಗಿನ ಮನೆಯ ಫಜೀತಿ

ಮದುವೆ ಯಾರ ಮನೆಯದೇ ಆಗಲಿ, ಫಜೀತಿ ಮಾತ್ರ ದಾರಿ ಕೇಳಿಕೊಂಡು ನಮ್ಮ ಮನೆಗೇ ಬರುತ್ತದೆ. ನನ್ನ ಮದುವೆಯಲ್ಲಿ ಬಂತು, ಮಕ್ಕಳ ಮದುವೆಗಳಲ್ಲಿ ಬಂತು. ಎಲ್ಲರ ಮದುವೆ ಮುಗಿಯಿತು, ಇನ್ನೇನು ಬರಲಿಕ್ಕಿಲ್ಲ ಅಂತ ಕಾಲು ಚಾಚಿ ಕೂತಿದ್ದೆ. ಅಷ್ಟರಲ್ಲಿ ಮೇಲಿನ ಮನೆಯ ಹುಡುಗಿಗೆ ಗಂಡು ಗೊತ್ತಾಯಿತು.

ನಾವು ಬಿಜಾಪುರದ ಕಡೆಯವರು, ಈಗ ಇರೋದು ಹೈದರಾಬಾದಿನಲ್ಲಿ. ನಮ್ಮ ಮನೆಯವರು ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ದುಡಿದು ತಾರ್ನಾಕದಲ್ಲಿ ಈ ಮನೆ ಕಟ್ಟಿಸಿದರು. ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟದ್ದು ಒಂದು ಯೆಹೂದಿ ಕುಟುಂಬಕ್ಕೆ. ಅವರು ಮುಂಬೈ ಕಡೆಯ ಯೆಹೂದಿಗಳು. ಮನೆಯಲ್ಲಿ ಮರಾಠಿ ಮಾತು. ಸೀರೆ, ಮೆಹಂದಿ, ಅವಲಕ್ಕಿ ಎಲ್ಲ ನಮ್ಮ ಹಾಗೇ. ಬಂದ ಹೊಸದರಲ್ಲಿ ಅವರ ಮನೆಯಾಕೆಯನ್ನು, "ನೀವು ಯಾರ ಪೈಕಿ ವೈನಿ?" ಅಂತ ಕೇಳಿದ್ದೆ. "ಯೆಹೂದಿ" ಅಂದರು. "ಹೌದೇನ್ರಿ, ಅದು ನಮ್ಮ ಇಂಡಿ ಊರಿನ ಹತ್ತಿರ ಬರ್ತೈತೇನು?" ಅಂದೆ. ವೈನಿ ಪಾಪ ಭಾಳ ಒಳ್ಳೆಯವರು. ಸ್ವಲ್ಪ ಯೋಚನೆ ಮಾಡಿ, "ಇನ್ನೂ ಸ್ವಲ್ಪ ಮುಂದ" ಅಂದರು.

ಹುಡುಗಿ ಹುಟ್ಟಿದ್ದೇ ನಮ್ಮ ಮನೆಗೆ ಬಂದ ಮೇಲೆ. ನನ್ನ ತೊಡೆಯ ಮೇಲೆ ಬೆಳೆದವಳು, ಹಾಗಾಗಿ ನನ್ನ ಕನ್ನಡವೇ ಅವಳ ಕನ್ನಡ. ಹುಡುಗನೂ ಅವರದೇ ಮಂದಿ, ಮುಂಬೈಯವನು, ಸನತ್‌ನಗರದ ಔಷಧದ ಕಾರ್ಖಾನೆಯಲ್ಲಿ ನೌಕರಿ. ತಾಯಿ ಇಲ್ಲದ ಅವನನ್ನು ಸಾಕಿದ್ದು ಸೋದರತ್ತೆ. ಮರಾಠಿಯಲ್ಲಿ ಸೋದರತ್ತೆಗೆ ಆತ್ಯಾ ಅಂತಾರೆ. ನಾನು ಆತ್ಯಾಬಾಯಿ ಅಂತ ಕರೆಯುತ್ತಿದ್ದೆ. ವಯಸ್ಸಿನಲ್ಲಿ ಕೆಲವು ವರ್ಷ ಇಸ್ರೇಲಿನಲ್ಲಿ ಇದ್ದು ಬಂದವರು. ಅಲ್ಲಿಯ ಪದ್ಧತಿ, ಇಲ್ಲಿಯ ಪದ್ಧತಿ ಎರಡನ್ನೂ ಕೂಡಿಸಿ ಒಂದು ದೊಡ್ಡ ಗಂಟು ಕಟ್ಟಿಕೊಂಡಿದ್ದರು.

ಅವರಿಗೆ ಮದುವೆ ಮುಂಬೈಯಲ್ಲೇ ಆಗಬೇಕು. ಹೈದರಾಬಾದಿನಲ್ಲಿ ನಮ್ಮ ಮಂದಿ ಎಲ್ಲಿ, ಪ್ರಾರ್ಥನೆಯ ಮಂದಿರ ಎಲ್ಲಿ ಅಂತ ಅವರ ಪಟ್ಟು. ಆದರೆ ಹುಡುಗಿಯ ತಂದೆಗೆ ಆಗಷ್ಟೇ ಹೃದಯದ ಆಪರೇಶನ್ ಆಗಿತ್ತು. ರೈಲು ಹತ್ತೋದು ದೂರದ ಮಾತು, ಮಾಳಿಗೆ ಮೆಟ್ಟಿಲು ಇಳಿಯೋದಕ್ಕೂ ಡಾಕ್ಟರನ್ನು ಕೇಳಬೇಕಿತ್ತು. ಮುಂಬೈಯಲ್ಲಿ ಮದುವೆಯಾದರೆ ತಂದೆಗೆ ಮಗಳ ಮದುವೆ ನೋಡುವ ಭಾಗ್ಯ ಇಲ್ಲ. ವೈನಿ ಕಣ್ಣೀರು ಹಾಕಿದರು. ಕೊನೆಗೆ ಆತ್ಯಾಬಾಯಿ ಒಪ್ಪಿದರು, ಒಂದು ಕರಾರಿನ ಮೇಲೆ. ಅವರ ಕಡೆಯವರ ಮಾತೆಲ್ಲ ಮರಾಠಿ, ನಾನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

"ಇಲ್ಲೇ ಮಾಡೂಣು. ಆದರ ಮದುವಿಗಿಂತ ಮೊದಲಿನ ಪದ್ಧತಿ ಒಂದೂ ತಪ್ಪಬಾರದು. ತಪ್ಪಿದರ ಇಲ್ಲಿ ಬರೇ ಊಟ, ಮದುವಿ ಮುಂಬೈನಾಗ."

"ಏನೂ ತಪ್ಪೂದಿಲ್ಲ ಬಿಡ್ರಿ, ನಾ ಅದೀನಲ್ಲ" ಅಂದೆ ನಾನು.

ನಮ್ಮ ಮನೆಯವರು ಪೇಪರು ಕೆಳಗಿಳಿಸಿ ನನ್ನ ಕಡೆ ನೋಡಿದರು. ನಾ ಅದೀನಿ ಅಂತ ನಾನು ಅಂದಾಗಲೆಲ್ಲ ಅವರಿಗೆ ಹೆದರಿಕೆ.

ಒಡೆಯದ ತಾಟು

ನಿಶ್ಚಯದ ದಿನ ಸಕ್ಕರೆ ಹಂಚೋದು ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಆತ್ಯಾಬಾಯಿ ಅದರ ಮೇಲೆ ಇನ್ನೊಂದು ಸೇರಿಸಿದರು. ಹುಡುಗಿಯ ತಾಯಿ, ಹುಡುಗನ ತಾಯಿ ಕೂಡಿ ಒಂದು ತಾಟು ನೆಲಕ್ಕೆ ಒಗೆದು ಒಡೆಯಬೇಕಂತೆ. ಒಡೆದ ತಾಟು ಹೇಗೆ ಮತ್ತೆ ಕೂಡೋದಿಲ್ಲವೋ ಹಾಗೆ ಕೊಟ್ಟ ಮಾತು ಹಿಂದಕ್ಕೆ ಬರೋದಿಲ್ಲ ಅಂತ ಅದರ ಅರ್ಥ.

ಅರ್ಥವೇನೋ ಚಲೋ ಇತ್ತು. ಆದರೆ ಮೇಲಿನ ಮನೆ, ಕೆಳಗಿನ ಮನೆ ಎರಡೂ ಹುಡುಕಿದರೆ ಸಿಕ್ಕಿದ್ದೆಲ್ಲ ಸ್ಟೀಲು. ನಮ್ಮ ತಾಟುಗಳನ್ನು ಒಗೆದರೆ ಓಣಿಯ ನಾಯಿಗಳೆಲ್ಲ ಬೊಗಳುತ್ತವೆ ಹೊರತು ಮಾತೇನೂ ಗಟ್ಟಿಯಾಗೋದಿಲ್ಲ. ಅದಕ್ಕೆ ನಾನೇ ಸುಲ್ತಾನ್ ಬಜಾರಿಗೆ ಹೋದೆ.

ಅಂಗಡಿಯವನಿಗೆ ಒಂದು ತಾಟು ತೋರಿಸು ಅಂದೆ. ಅವನು ಒಂದನ್ನು ತೆಗೆದು, "ಅಮ್ಮಾ, ಏ ಟೂಟ್ತಾಚ್ ನೈ" ಅಂದ. ಇದು ಒಡೆಯೋದೇ ಇಲ್ಲ ಅಂತ ನನ್ನ ಕಣ್ಣೆದುರಿಗೇ ನೆಲಕ್ಕೆ ಬಿಟ್ಟ. ಒಡೆಯಲಿಲ್ಲ. ಬೇರೆ ತೋರಿಸಪ್ಪ ಅಂದೆ. ಇನ್ನೊಂದನ್ನು ಎತ್ತರದಿಂದ ಬಿಟ್ಟ. ಅದೂ ಒಡೆಯಲಿಲ್ಲ. ನಾನು ಮುಖ ಸಣ್ಣ ಮಾಡಿದೆ. ಅವನಿಗೆ ಹುರುಪು ಬಂದು ಮೂರನೆಯದನ್ನು ನೆಲದ ಮೇಲಿಟ್ಟು ತಾನೇ ಹತ್ತಿ ನಿಂತ.

"ತಮ್ಮಾ, ನನಗ ಒಡಿಯೂ ತಾಟು ಬೇಕು. ಒಂದೇ ಏಟಿಗೆ ಚೂರು ಚೂರು ಆಗಬೇಕು" ಅಂದೆ, ನನಗೆ ಬರುವ ಹಿಂದಿಯಲ್ಲಿ.

ಅವನು ತಾಟಿನಿಂದ ಇಳಿದ. ದನಿ ಮೆತ್ತಗೆ ಮಾಡಿ, ಸೊಸೆಯ ಜೊತೆ ಏನಾದರೂ ಜಗಳವಾಯಿತೇನಮ್ಮ ಅಂತ ಕೇಳಿದ. ಇಲ್ಲಪ್ಪ, ಶುಭಕಾರ್ಯಕ್ಕೆ ಅಂದೆ. ಅವನು ನನ್ನನ್ನು ಅಡಿಯಿಂದ ಮುಡಿತನಕ ನೋಡಿದ. ಒಳಗೆ ಹೋಗಿ ಹೂವಿನ ಚಿತ್ರ ಇರುವ ಒಂದು ತಾಟು ತಂದು, ಕಾಗದ ಸುತ್ತಿ, ಎರಡೂ ಕೈಯಿಂದ ಕೊಟ್ಟ. ಪಾಪ, ತಲೆ ಸರಿಯಿಲ್ಲದ ಮುದುಕಿಗೆ ಮೋಸ ಮಾಡಬಾರದು ಅಂತ ಆ ಪುಣ್ಯಾತ್ಮ ಅಂಗಡಿಯಲ್ಲೇ ಎಲ್ಲಕ್ಕಿಂತ ಗಟ್ಟಿಯದನ್ನು ಆರಿಸಿ ಕೊಟ್ಟಿದ್ದ. ಅದು ಗೊತ್ತಾದದ್ದು ನಿಶ್ಚಯದ ದಿನ.

ನಮ್ಮ ನಡುಮನೆಗೆ ಶಹಾಬಾದ ಕಲ್ಲು ಹಾಸಿದೆ. ಅದರ ಮೇಲೆ ಬಿದ್ದರೆ ದೇವರೂ ಒಡೆಯಬೇಕು. ವೈನಿ, ಆತ್ಯಾಬಾಯಿ ಇಬ್ಬರೂ ತಾಟು ಹಿಡಿದು ಒಗೆದರು. ತಾಟು ಜಿಗಿಯಿತು, ಅಂಚಿನ ಮೇಲೆ ನಿಂತಿತು, ಗಾಲಿಯ ಹಾಗೆ ನಡುಮನೆ ತುಂಬ ಒಂದು ಸುತ್ತು ಹಾಕಿತು. ಬಂದವರೆಲ್ಲ ಕಾಲು ಮೇಲೆತ್ತಿ ಕೂತರು. ಸುತ್ತು ಮುಗಿಸಿ ಅದು ಆತ್ಯಾಬಾಯಿಯ ಕಾಲ ಹತ್ತಿರವೇ ಬಂದು ಮಲಗಿತು.

ಮಾತು ಅಷ್ಟು ಗಟ್ಟಿ ಐತಿ ಅಂತ ಅರ್ಥ ಅಂದೆ. ಅವರು ಕೇಳಲಿಲ್ಲ. ಒಡೆಯಲೇಬೇಕು ಅಂತ ಸೆರಗು ಸಿಕ್ಕಿಸಿದರು. ಈ ಸಲ ಇಬ್ಬರೂ ಇದ್ದ ಶಕ್ತಿಯೆಲ್ಲ ಹಾಕಿ ಒಗೆದರು. ತಾಟು ಚಂಗನೆ ಹಾರಿ, ಮೂಲೆಯಲ್ಲಿ ಚಹಾ ಬಸಿಗೆ ಹಾಕಿಕೊಂಡು ಊದುತ್ತಿದ್ದ ನಮ್ಮ ಮನೆಯವರ ಕೈಗೆ ಬಡಿಯಿತು. ತಾಟಿಗೆ ಏನೂ ಆಗಲಿಲ್ಲ. ಬಸಿ ಕೆಳಗೆ ಬಿದ್ದು ಚೂರು ಚೂರಾಯಿತು.

ಆತ್ಯಾಬಾಯಿ ಚೂರುಗಳನ್ನು ನೋಡಿದರು, ನನ್ನನ್ನು ನೋಡಿದರು.

"ಬಸಿ ಅಂದರ ತಾಟಿನ ಮಗಳೇ ಅಲ್ಲೇನ್ರಿ? ಇಬ್ಬರೂ ತಾಯಂದಿರ ಕೈಯಿಂದನೇ ಒಡದೈತಿ" ಅಂದೆ.

ಅವರು ಬಗ್ಗಿ ಚೂರುಗಳನ್ನು ಎಣಿಸಿದರು. ಆಮೇಲೆ ಚಪ್ಪಾಳೆ ತಟ್ಟಿ "ಮಜಲ್ ತೋವ್" ಅಂದರು. ಶುಭವಾಗಲಿ ಅನ್ನೋ ಅವರ ಮಾತು ಅದು. ಎಲ್ಲರೂ ಕೂಗಿದರು, ಎಲ್ಲರೂ ಸಕ್ಕರೆ ತಿಂದರು. ನಮ್ಮ ಮನೆಯವರು ಮಾತ್ರ ಬಸಿ ಹಿಡಿದಿದ್ದ ಕೈ ಹಾಗೇ ಗಾಳಿಯಲ್ಲಿ ಇಟ್ಟುಕೊಂಡು ಕೂತಿದ್ದರು.

"ಅದರಾಗ ನನ್ನ ಚಾ ಇತ್ತು" ಅಂದರು.

ಓಣಿಯಲ್ಲಿ ಅಂತರಪಟ

ಮದುವೆಗೆ ಒಂದು ವಾರ ಇರುವಾಗ ಹುಡುಗ ಹುಡುಗಿ ಒಬ್ಬರ ಮುಖ ಒಬ್ಬರು ನೋಡಬಾರದು ಅನ್ನೋದು ಮುಂದಿನ ಪದ್ಧತಿ. ಇದು ನನಗೆ ಭಾಳ ಹಿಡಿಸಿತು. ನನ್ನ ಮದುವೆಯಲ್ಲಿ ವಾರ ಅಲ್ಲ, ಹುಟ್ಟಿದಾಗಿನಿಂದಲೂ ನಾವಿಬ್ಬರೂ ನೋಡಿದ್ದಿಲ್ಲ. ಅಕ್ಷತೆಯ ಹೊತ್ತಿಗೆ ಗಂಡು ಹೆಣ್ಣಿನ ನಡುವೆ ಹಿಡಿದ ಅಂತರಪಟ ಸರಿದ ಮೇಲೆಯೇ ನೋಡಿದ್ದು. ನೋಡಿ ಏನು ಮಾಡಲಿಕ್ಕೂ ಬರುವ ಹಾಗಿರಲಿಲ್ಲ, ತಲೆ ಮೇಲೆ ಅಕ್ಕಿಕಾಳು ಬಿದ್ದಾಗಿತ್ತು.

ಆತ್ಯಾಬಾಯಿ ಮುಂಬೈಯಿಂದ ಬಂದು ಸನತ್‌ನಗರದಲ್ಲಿ ಹುಡುಗನ ಮನೆಯಲ್ಲಿ ಇಳಿದರು. ಕಾಯುವ ಕೆಲಸ ನನಗೆ ಒಪ್ಪಿಸಿದರು. ಮೊದಲು ಹುಡುಗ ಭಾನುವಾರಕ್ಕೊಮ್ಮೆ ಬರುತ್ತಿದ್ದ. ಬರಬೇಡ ಅಂದ ಕೂಡಲೇ ದಿನಾ ಬರತೊಡಗಿದ. ಒಂದು ದಿನ ಡಬ್ಬಿ ವಾಪಸು ಕೊಡಲಿಕ್ಕೆ, ಒಂದು ದಿನ ಮಾವನವರ ಬಿ.ಪಿ. ಕೇಳಲಿಕ್ಕೆ. ಯಾವ ಕಾರಣವೂ ಉಳಿಯದ ದಿನ ನಮ್ಮ ಮನೆಯವರ ಮೊಣಕಾಲಿಗೆ ಹಚ್ಚುವ ಎಣ್ಣೆ ಹಿಡಿದುಕೊಂಡು ಬಂದ.

ಆ ಹೊತ್ತಿಗೆ ನಾನು, ನಮ್ಮ ಮನೆಯವರು ಗೇಟಿನ ಮುಂದೆ ಧೋತರ ಹಿಂಡುತ್ತಿದ್ದೆವು. ಒಂದು ತುದಿ ಅವರು, ಒಂದು ತುದಿ ನಾನು. ನೋಡುತ್ತೇನೆ, ಎಡಗಡೆಯಿಂದ ಎಣ್ಣೆ ಬಾಟಲಿ ಹಿಡಿದು ಹುಡುಗ ಬರುತ್ತಿದ್ದಾನೆ. ಬಲಗಡೆಯಿಂದ ಕಾಯಿಪಲ್ಯದ ಚೀಲ ಹಿಡಿದು ಹುಡುಗಿ ಬರುತ್ತಿದ್ದಾಳೆ. ಇಬ್ಬರದೂ ಮುಖ ಫೋನಿನಲ್ಲಿ. ಬಹುಶಃ ಒಬ್ಬರಿಗೊಬ್ಬರು ಅದರಲ್ಲೇ ಬರೆದುಕೊಳ್ಳುತ್ತಿದ್ದರು. ಇನ್ನು ನಾಲ್ಕು ಹೆಜ್ಜೆ ಬಂದರೆ ಡಿಕ್ಕಿ.

"ಎತ್ತರಿ ಧೋತರ" ಅಂದೆ.

ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಅವರು ಯಾಕೆ ಅಂತ ಕೇಳಲಿಲ್ಲ, ಎತ್ತಿದರು. ಧೋತರದ ಈ ಕಡೆ ಹುಡುಗ, ಆ ಕಡೆ ಹುಡುಗಿ. ಇಬ್ಬರೂ ಗಕ್ಕನೆ ನಿಂತರು.

ಎದುರು ಮನೆಯ ತೆಲುಗಿನಾಕೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಿ ನೋಡಿದರೆ ಒಂದು ಕಡೆ ಗಂಡು, ಒಂದು ಕಡೆ ಹೆಣ್ಣು, ನಡುವೆ ಪಟ ಹಿಡಿದ ಮುತ್ತೈದೆ, ಪಕ್ಕದಲ್ಲಿ ಯಜಮಾನ. ಎದ್ದು ನಿಂತು ಮೊರದಿಂದ ಹಿಡಿ ಹಿಡಿ ಅಕ್ಕಿ ಎರಚಿದಳು. ತಳ್ಳುಗಾಡಿಯ ಸೊಪ್ಪಿನವನೂ ಸುಮ್ಮನಿರಬಾರದು ಅಂತ ಒಂದಿಷ್ಟು ಕೊತ್ತಂಬರಿ ಹಾಕಿದ. ಎರಚೋದು ಮುಗಿದ ಮೇಲೆ ಅವಳಿಗೆ ಸಿಟ್ಟು ಬಂತು. "ಪಿಲವಕುಂಡಾನೇ ಪೆಳ್ಳಿ ಚೇಸೇಶಾರಾ?" ಅಂತ ಶುರು ಮಾಡಿದಳು. ಎದುರು ಮನೆಯವಳನ್ನು ಕರೆಯದೆ ಮದುವೆ ಮಾಡಿಬಿಟ್ಟಿರಲ್ಲ ಅಂತ ಕಣ್ಣಲ್ಲಿ ನೀರು.

ಧೋತರದ ಹಿಂದಿನಿಂದ ಹುಡುಗ ಮರಾಠಿಯಲ್ಲಿ ಕೇಳಿದ, "ಅಜ್ಜಿ, ಈಗ ನಾ ಒಬ್ಬನೇ ಮನಿಗೆ ಹೋಗಬೇಕೋ, ಅಕಿನ್ನೂ ಕರಕೊಂಡು ಹೋಗಬೇಕೋ?"

ಸಂಜೆಯೊಳಗೆ ಸುದ್ದಿ ಸನತ್‌ನಗರ ಮುಟ್ಟಿತು. ಆತ್ಯಾಬಾಯಿ ಆಟೋದಲ್ಲಿ ಬಂದಿಳಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ತಂತಿಯ ಮೇಲಿದ್ದ ಧೋತರ ತೆಗೆದು ಕಣ್ಣಿನ ಮುಂದೆ ಹಿಡಿದು, ನಮ್ಮ ಮನೆಯವರನ್ನು ಆ ಕಡೆ ನಿಲ್ಲಿಸಿದರು. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಂತ ಸರಿಸಿ ಸರಿಸಿ ನೋಡಿದರು. ಏನೂ ಕಾಣಿಸಲಿಲ್ಲ. ಧೋತರ ಪಾಸಾಯಿತು.

ಅಂಟಿನ ಉಂಡಿ

ಇದು ಸಣ್ಣದು. ಮದುವೆಗೆ ಮುಂಚಿನ ಶನಿವಾರ ಪ್ರಾರ್ಥನೆಯ ಹೊತ್ತಿಗೆ ಮದುಮಗನನ್ನು ಮುಂದೆ ಕರೆದು ಅವರ ಧರ್ಮಗ್ರಂಥದ ಮಾತು ಹೇಳಿಸುತ್ತಾರೆ. ಹೇಳಿ ಮುಗಿಸಿದ ಕೂಡಲೇ, ಬಾಳು ಸಿಹಿಯಾಗಿರಲಿ ಅಂತ ಎಲ್ಲರೂ ಅವನ ಮೇಲೆ ಮಿಠಾಯಿ ಎಸೆಯಬೇಕು. ಮುಂಬೈಯಿಂದ ಹಿರಿಯರೆಲ್ಲ ಬಂದು ಹುಡುಗನ ಮನೆಯಲ್ಲೇ ಪ್ರಾರ್ಥನೆಗೆ ಕೂಡಿದ್ದರು. ನಾನೂ ಹೋದೆ.

ಮಿಠಾಯಿ ಅಂದಿದ್ದರೇ ಹೊರತು ಮೆತ್ತಗಿನ ಮಿಠಾಯಿ ಅಂತ ಯಾರೂ ಅಂದಿರಲಿಲ್ಲ. ನಾನು ಅಂಟಿನ ಉಂಡಿ ಕಟ್ಟಿಕೊಂಡು ಹೋಗಿದ್ದೆ. ಅಂಟು, ಒಣಕೊಬ್ಬರಿ, ಉತ್ತತ್ತಿ ಹಾಕಿ ಬಾಣಂತಿಗೆ ಕಟ್ಟುವ ಉಂಡಿ. ಪಾಕ ಸ್ವಲ್ಪ ಏರಿತ್ತು. ಅವರೆಲ್ಲ ಕಾಗದ ಸುತ್ತಿದ ಸಣ್ಣ ಸಣ್ಣ ಚಾಕಲೇಟು ಎಸೆದರು. ಮೈ ಸವರಿಕೊಂಡು ಬಿದ್ದವು. ನಾನು ಚಿಕ್ಕಂದಿನಲ್ಲಿ ಹುಣಸೆಕಾಯಿಗೆ ಕಲ್ಲು ಒಗೆದು ಒಗೆದು ಗುರಿ ಕಲಿತವಳು. ಎಸೆದೆ. ಸರಿಯಾಗಿ ಹಣೆಯ ನಡುವೆ ಬಿತ್ತು.

ಹುಡುಗ ಹಣೆ ಹಿಡಿದುಕೊಂಡು ಕೂತ. ಬುಗುಟು ಎದ್ದಿತು. ಎಲ್ಲರೂ ಅವನ ಸುತ್ತ ನೆರೆದರು. ಒಬ್ಬ ಮುದುಕರು ಕೆಳಗೆ ಬಿದ್ದ ಉಂಡಿ ಎತ್ತಿ, ಕೈಯಲ್ಲಿ ತೂಗಿ ನೋಡಿ ಹುಡುಗನಿಗೆ ಹೇಳಿದರು, "ಚಿಂತಿ ಮಾಡಬ್ಯಾಡ. ಈ ಸಿಹಿ ಹೆಂಗಿರ್ತೈತಿ ಅಂತ ನಮಗ ಮದುವಿ ಆದ ಮ್ಯಾಲೆ ಗೊತ್ತಾತು. ನಿನಗ ಮೊದಲೇ ತೋರಿಸ್ಯಾರ."

ಮೂಗಿನ ತುರಿಕೆ

ಮೆಹಂದಿಯ ದಿನ ನನಗೆ ನಿರಾಳ. ಇದು ಅವರ ಮುಂಬೈ ಕಡೆಯ ಹಳೆಯ ಪದ್ಧತಿ, ನಮ್ಮ ಕೈಗೂ ಪಳಗಿದ್ದು, ಇದರಲ್ಲಿ ಏನು ತಪ್ಪಲಿಕ್ಕೆ ಸಾಧ್ಯ? ಓಣಿಯ ಹೆಂಗಸರೆಲ್ಲ ಮಧ್ಯಾಹ್ನವೇ ಬಂದು ಕೂತರು. ಎದುರು ಮನೆಯಾಕೆಯ ಸಿಟ್ಟೂ ಇಳಿದಿತ್ತು. ಈ ಸಲ ಅವಳನ್ನು ಎರಡು ಸಲ ಕರೆದಿದ್ದೆ.

ಆತ್ಯಾಬಾಯಿ ಮಾತ್ರ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಬಿಗಿಮುಖ ಮಾಡಿ ಕೂತಿದ್ದರು. ಹಣೆಯ ಬುಗುಟು ಅವರ ಮನಸ್ಸಿನಲ್ಲಿತ್ತು. ವೈನಿ ನನ್ನ ಕಿವಿಯಲ್ಲಿ, ಅವರು ಬೆಳಿಗ್ಗೆಯಿಂದ ಮುಂಬೈಗೆ ರೈಲು ಯಾವ ಯಾವವು ಇವೆ ಅಂತ ಕೇಳಾಕತ್ಯಾರ ಅಂದರು. ಮೇಲೆ ಹುಡುಗಿಯ ತಂದೆ ಮದುವೆಯ ಅಂಗಿಗೆ ತಾವೇ ಇಸ್ತ್ರಿ ಮಾಡಿಕೊಂಡು ಕೂತಿದ್ದರಂತೆ.

ನಾನು ಆತ್ಯಾಬಾಯಿಯ ಹತ್ತಿರ ಹೋಗಿ, ನೀವೇ ಮೊದಲು ಹಚ್ಚಿಸಿಕೊಳ್ಳಬೇಕು, ಹುಡುಗನಿಗೆ ತಾಯಿಯಾದವರು ಅಂದೆ. ಆ ಮಾತಿಗೆ ಅವರು ಕರಗಿದರು. ಎರಡೂ ಕೈ ಚಾಚಿದರು. ಬೆರಳ ತುದಿಯಿಂದ ಮೊಣಕೈತನಕ ಗಟ್ಟಿ ಮೆಹಂದಿ ಹಚ್ಚಿ, ಕುರ್ಚಿಯ ಎರಡೂ ಕೈಗಳ ಮೇಲೆ ಇಟ್ಟು, ಅಲ್ಲಾಡಿಸಬ್ಯಾಡ್ರಿ ಅಂದೆವು.

ಸ್ವಲ್ಪ ಹೊತ್ತಿಗೆ ಅವರ ಮುಖ ಒಂದು ಥರಾ ಆಯಿತು. ತುಟಿ ಓರೆಯಾಯಿತು, ಹುಬ್ಬು ಏರಿತು. ಮೂಗು ತುರಿಸುತ್ತಿತ್ತು. ಹೆಗಲಿಗೆ ಒರೆಸಿಕೊಳ್ಳಲು ನೋಡಿದರು, ಹೆಗಲು ಮುಟ್ಟಲಿಲ್ಲ. ಬಾಗಿಲ ಚೌಕಟ್ಟಿನ ಕಡೆ ನೋಡಿದರು, ಮರ್ಯಾದೆ ಬಿಡಲಿಲ್ಲ. ಕೊನೆಗೆ ಸಣ್ಣ ದನಿಯಲ್ಲಿ ನನ್ನನ್ನು ಕರೆದರು.

"ಅಜ್ಜಿ, ಮೂಗು."

ನಾನು ಹತ್ತಿರ ಹೋಗಿ ಬೆರಳು ಎತ್ತಿದೆ, ಅಲ್ಲೇ ನಿಲ್ಲಿಸಿದೆ.

"ಮದುವಿ ಎಲ್ಲ್ರಿ?"

"ಏನು?"

"ಮದುವಿ. ಮುಂಬೈನಾಗೋ, ತಾರ್ನಾಕದಾಗೋ?"

ಅವರು ಹಲ್ಲು ಕಚ್ಚಿದರು. ಕಣ್ಣಲ್ಲಿ ನೀರು ಬಂತು. ಪದ್ಧತಿ ಇನ್ನೂ ಎರಡು ಉಳಿದಾವ ಅಂದರು. ಹ್ಞೂಂ, ಉಳಿಯಲಿ ಬಿಡ್ರಿ ಅಂತ ನಾನು ಬೆರಳು ಹಿಂದಕ್ಕೆ ತೆಗೆದುಕೊಂಡೆ.

"ತಾರ್ನಾಕ, ತಾರ್ನಾಕ" ಅಂದರು.

ತುರಿಸಿದೆ. ಅವರು ಕಣ್ಣು ಮುಚ್ಚಿ, "ಇನ್ನ ಸ್ವಲ್ಪ ಎಡಕ್ಕ" ಅಂದರು. ಎಡಕ್ಕೂ ತುರಿಸಿದೆ. ಹಾಯ್ ಅನಿಸಿದ ಮೇಲೆ ಒಂದು ಕಣ್ಣು ತೆರೆದು ಹೇಳಿದರು, "ಉಳಿದ ಎರಡೂ ಸರಿಯಾದರ ಮಾತ್ರ."

ಉಪವಾಸ

ಮದುವೆಯ ದಿನ ಗಂಡು ಹೆಣ್ಣು ಇಬ್ಬರೂ ಮದುವೆ ಮುಗಿಯುವತನಕ ಉಪವಾಸ ಇರಬೇಕು ಅಂತ ಆತ್ಯಾಬಾಯಿ ಹೇಳಿದಾಗ ನನಗೆ ಭಾಳ ಖುಷಿಯಾಯಿತು. ಉಪವಾಸ ಅಂದರೆ ನನಗೆ ಯಾರೂ ಕಲಿಸಬೇಕಾಗಿಲ್ಲ. ಏಕಾದಶಿ ದಿನ ನಮ್ಮ ಮನೆಯವರು ಕೂತಲ್ಲಿಂದ ಏಳಲಿಕ್ಕೆ ಆಗದಷ್ಟು ಉಪವಾಸ ಮಾಡುತ್ತಾರೆ.

ಹುಡುಗನನ್ನು ಎದುರು ಮನೆಯಲ್ಲಿ ಇಳಿಸಿದ್ದರು. ಬೆಳಿಗ್ಗೆ ಎದ್ದವಳೇ ನಾನು ಸಾಬುದಾಣಿ ನೆನೆಸಿದ್ದನ್ನು ತೆಗೆದು, ಶೇಂಗಾ ಪುಡಿ, ಹಸಿಮೆಣಸಿನಕಾಯಿ, ತುಪ್ಪ ಹಾಕಿ ಖಿಚಡಿ ಮಾಡಿದೆ. ಬಟಾಟೆ ಪಲ್ಯ, ಶೇಂಗಾ ಉಂಡಿ, ಬಾಳೆಹಣ್ಣು, ಮೇಲೆ ಗಟ್ಟಿ ಮಜ್ಜಿಗೆ. ಬುಟ್ಟಿ ತುಂಬಿಕೊಂಡು ಹಿತ್ತಲ ಬಾಗಿಲಿಂದ ಹೋದೆ.

ಹುಡುಗ ಹಣೆಗೆ ಬುಗುಟು, ಹೊಟ್ಟೆಗೆ ಹಸಿವು ಕಟ್ಟಿಕೊಂಡು ಗೋಡೆ ನೋಡುತ್ತಾ ಕೂತಿದ್ದ. ಬುಟ್ಟಿ ಬಿಚ್ಚಿದೆ. ತುಪ್ಪದ ವಾಸನೆಗೆ ಅವನ ಗಂಟಲ ಮಣಿ ಮೇಲೆ ಕೆಳಗೆ ಆಡಿತು.

"ಇದು ನಡೀತದೇನ್ರಿ ಅಜ್ಜಿ? ನನಗ ಉಪವಾಸ."

"ಉಪವಾಸಕ್ಕಂತನೇ ಮಾಡೇನಿ. ಅಕ್ಕಿ ಇಲ್ಲ, ಜೋಳ ಇಲ್ಲ, ಉಳ್ಳಾಗಡ್ಡಿ ಇಲ್ಲ. ಇದಕ್ಕಿಂತ ಕಡಕ್ ಉಪವಾಸ ಎಲ್ಲೂ ಇಲ್ಲ" ಅಂದೆ.

ಹಿರಿಯರ ಮಾತು ಮೀರಬಾರದು ಅಂತ ಅವನು ಎರಡು ತಾಟು ಮೀರದೆ ತಿಂದ. ಮಜ್ಜಿಗೆಯ ಲೋಟ ಕೆಳಗಿಡುವುದಕ್ಕೂ ಆತ್ಯಾಬಾಯಿ ಒಳಗೆ ಬರುವುದಕ್ಕೂ ಸರಿಹೋಯಿತು. ಅವರ ಮುಖ ನೋಡಿ ನಾನು ತಾಟನ್ನು ಸೆರಗಿನಲ್ಲಿ ಮುಚ್ಚಿದೆ. ಆದರೆ ಹುಡುಗನ ತುಟಿಯ ಮೂಲೆಯಲ್ಲಿ ಒಂದು ಸಾಬುದಾಣಿ ಕಾಳು ಮುತ್ತಿನ ಹಾಗೆ ಹೊಳೆಯುತ್ತಿತ್ತು.

ಅವರ ಉಪವಾಸ ಅಂದರೆ ಊಟ ಇಲ್ಲ, ಫಳಾರ ಇಲ್ಲ, ಹನಿ ನೀರೂ ಇಲ್ಲ ಅಂತ ನನಗೆ ಗೊತ್ತಾದದ್ದು ಆಗ. ಅಂಥದ್ದಕ್ಕೆ ಉಪವಾಸ ಅಂತ ಯಾಕೆ ಅನ್ನಬೇಕು, ಶಿಕ್ಷೆ ಅನ್ನಬಾರದೇ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಆತ್ಯಾಬಾಯಿ ಅಲ್ಲೇ ಕುಸಿದು ಕೂತು, ಆಯಿತು, ಮದುವೆ ಮುಂಬೈಯಲ್ಲೇ ಅಂದರು. ವೈನಿ ಓಡಿ ಬಂದರು. ಮೇಲಿನ ಮನೆಯ ಕಿಟಕಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹುಡುಗಿಯ ತಂದೆ ಏನಾಯಿತು ಅಂತ ಕೆಳಗೆ ನೋಡುತ್ತಿದ್ದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಮದುವೆ ಮಾಡಿಸಲಿಕ್ಕೆ ಮುಂಬೈಯಿಂದ ಬಂದ ಹಿರಿಯರನ್ನು ಕರೆಸಿದರು. ನಮ್ಮಲ್ಲಿ ಶಾಸ್ತ್ರಿಗಳಿದ್ದ ಹಾಗೆ ಅವರು. ಬಿಳಿ ಗಡ್ಡ, ಶಾಂತ ಮುಖ. ಎಲ್ಲ ಕೇಳಿದರು. ಗೊತ್ತಿಲ್ಲದೆ ತಿಂದದ್ದು, ಇನ್ನು ಮುಂದೆ ಏನೂ ಮುಟ್ಟದಿದ್ದರೆ ಸಾಕು, ಮದುವೆಗೆ ಅಡ್ಡಿಯಿಲ್ಲ ಅಂದರು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಅವರು ಏಳದೆ ಅಲ್ಲೇ ಕೂತು ಗಡ್ಡ ನೀವಿಕೊಂಡರು.

"ಆದರ ಏನು ತಿಂದಾನ ಅಂತ ನಾನೂ ಖಾತ್ರಿ ಮಾಡಿಕೋಬೇಕಲ್ಲ. ಉಳದದ್ದೇನರೆ ಐತೇನು?"

ಖಾತ್ರಿ ಮಾಡಿಕೊಳ್ಳುವುದರಲ್ಲಿ ಬುಟ್ಟಿ ಖಾಲಿಯಾಯಿತು.

ಮುಸುಕು

ಇನ್ನು ಉಳಿದದ್ದು ಒಂದೇ. ಆತ್ಯಾಬಾಯಿ ನನ್ನ ಎರಡೂ ಕೈ ಹಿಡಿದು, ಇದರಲ್ಲಿ ನೀವು ಏನೂ ಸಹಾಯ ಮಾಡಬ್ಯಾಡ್ರಿ, ಒಂದು ಕಡೆ ಸುಮ್ಮನೆ ಕೂತಿರ್ರಿ, ಅಷ್ಟೇ ಕೇಳಿಕೊಳ್ಳೋದು ಅಂದರು. ಆಗಲಿ ಅಂತ ಮಾತು ಕೊಟ್ಟೆ. ಸುಮ್ಮನೆ ಕೂಡೋದರಲ್ಲಿ ಏನು ತಪ್ಪಾದೀತು?

ಆ ಪದ್ಧತಿಯ ಕಥೆ ಅವರೇ ಮೆಹಂದಿಯ ದಿನ ಹೇಳಿದ್ದರು. ಹಿಂದೆ ಅವರ ಹಿರಿಯನೊಬ್ಬನಿಗೆ ತಂಗಿಯನ್ನು ಕೊಡುತ್ತೇವೆ ಅಂತ ಹೇಳಿ, ಮುಸುಕಿನಲ್ಲಿ ಅಕ್ಕನನ್ನು ಕಟ್ಟಿಬಿಟ್ಟರಂತೆ. ಪಾಪ, ಅವನಿಗೆ ಗೊತ್ತಾದದ್ದು ಬೆಳಗಾದ ಮೇಲೆ. ಅಂದಿನಿಂದ ಮದುವೆಗೆ ಮೊದಲು ಹುಡುಗ ಬಂದು ಹುಡುಗಿಯ ಮುಖ ಕಣ್ಣಾರೆ ನೋಡಿ, ಹೌದು ಇವಳೇ ಅಂತ ಖಾತ್ರಿ ಮಾಡಿಕೊಂಡು, ತನ್ನ ಕೈಯಿಂದಲೇ ಮುಸುಕು ಇಳಿಸಬೇಕು. ಆಮೇಲೆಯೇ ಮದುವೆಯ ಚಪ್ಪರಕ್ಕೆ ಹೋಗೋದು. ಚಪ್ಪರ ನಮ್ಮ ಅಂಗಳದಲ್ಲಿ ಹಾಕಿದ್ದರು, ನಾಲ್ಕು ಕೋಲಿನ ಮೇಲೆ ಒಂದು ಬಟ್ಟೆ.

ಹುಡುಗಿಯನ್ನು ನಮ್ಮ ನಡುಮನೆಯಲ್ಲಿ ಹೂವಿನ ಕುರ್ಚಿಯ ಮೇಲೆ ಕೂಡಿಸಿದ್ದರು. ನಾನು ಒಳಗೆ ಕೂತು ಕೊಬ್ಬರಿ ಹೆರೆದು ಬೆಲ್ಲ ಕಲಸುತ್ತಿದ್ದೆ. ಅವರಲ್ಲಿ ಮಲೀದಾ ಅಂತ ಸಿಹಿ ಅವಲಕ್ಕಿಯ ನೈವೇದ್ಯ ಇದೆ, ಅದಕ್ಕೆ. ಕೈಯೆಲ್ಲ ಅಂಟು, ಬಾಯಿ ತುಂಬ ಎಲೆಅಡಿಕೆ.

ಹುಡುಗಿ ಒಳಗೆ ಬಂದಳು. ಅಪ್ಪ ಮೇಲಿಂದ ಇಳೀಬೇಕು ಅಜ್ಜಿ, ಅವರನ್ನ ನಾನೇ ಕೈ ಹಿಡಿದು ಇಳಿಸ್ತೀನಿ, ಒಂದು ನಿಮಿಷದಾಗ ಬಂದೆ ಅಂದಳು. ತಲೆಯಿಂದ ಮುಸುಕಿನ ಬಟ್ಟೆ ತೆಗೆದಳು, ಮೆಟ್ಟಿಲ ಮೇಲೆ ಕಾಲಿಗೆ ತೊಡಕಬಾರದು ಅಂತ. ಇಡಲಿಕ್ಕೆ ಜಾಗ ನೋಡಿದಳು. ನನ್ನ ಕೈ ಬೆಲ್ಲ. ಅದಕ್ಕೆ ನನ್ನ ತಲೆಯ ಮೇಲೆ ಹಾಕಿ, ನೆಲಕ್ಕ ತಾಗಿಸಬ್ಯಾಡ ಅಂತ ಹೇಳಿ ಓಡಿದಳು.

ಬಟ್ಟೆ ನೆಲಕ್ಕೆ ತಾಗಬಾರದು ಅಂದರೆ ಎತ್ತರದಲ್ಲಿ ಕೂಡಬೇಕು. ನಡುಮನೆಯಲ್ಲಿ ಖಾಲಿ ಇದ್ದದ್ದು ಹೂವಿನ ಕುರ್ಚಿ ಒಂದೇ. ಮೊಣಕಾಲೂ ನೋಯುತ್ತಿತ್ತು. ಸುಮ್ಮನೆ ಕೂಡ್ರಿ ಅಂತ ಆತ್ಯಾಬಾಯಿ ಹೇಳಿಯೂ ಇದ್ದರು. ಕೂತೆ. ಮೇಲೆ ಪಂಖಾ ಜೋರಾಗಿತ್ತು. ಮುಸುಕು ಹಾರಿ ಮುಖದ ಮೇಲೆ ಇಳಿಯಿತು.

ಅಷ್ಟರಲ್ಲಿ ಹಾಡು, ಚಪ್ಪಾಳೆ. ಹುಡುಗನನ್ನು ನಡುವೆ ಹಾಕಿಕೊಂಡು ಎಲ್ಲರೂ ಕುಣಿಯುತ್ತಾ ಒಳಗೆ ನುಗ್ಗಿದರು. ಮುಂದೆ ಆತ್ಯಾಬಾಯಿ, ಹಿಂದೆ ಬಿಳಿ ಗಡ್ಡದ ಹಿರಿಯರು, ಮೂಲೆಯಲ್ಲಿ ನಮ್ಮ ಮನೆಯವರು. ತಡೀರಿ ಅನ್ನೋಣ ಅಂದರೆ ಬಾಯಲ್ಲಿ ಎಲೆಅಡಿಕೆ. ಕೈ ಆಡಿಸೋಣ ಅಂದರೆ ಮುಸುಕಿಗೆ ಬೆಲ್ಲ ಹತ್ತುತ್ತದೆ. ನಾನು ತಲೆ ಅಲ್ಲಾಡಿಸಿದೆ. ಹುಡುಗಿಗೆ ನಾಚಿಕೆ ಅಂತ ಯಾರೋ ಅಂದರು, ಇನ್ನೂ ಜೋರಾಗಿ ಹಾಡಿದರು.

ಹುಡುಗ ಮುಂದೆ ಬಂದ. ವಾರವಿಡೀ ನೋಡಿರಲಿಲ್ಲ. ಎರಡೂ ಕೈಯಿಂದ ಮೆಲ್ಲಗೆ ಮುಸುಕು ಎತ್ತಿದ.

ನಾನು ನಕ್ಕೆ. ಇನ್ನೇನು ಮಾಡಲಿ? ಬಾಯೆಲ್ಲ ಕೆಂಪು.

ಹಾಡು ನಿಂತಿತು. ಹುಡುಗ ನನ್ನನ್ನು ನೋಡಿದ, ನೋಡುತ್ತಲೇ ಇದ್ದ.

"ಒಂದು ವಾರ ನೋಡದ ಇದ್ದದ್ದಕ್ಕ ಇಷ್ಟು ವಯಸ್ಸಾತೇನು?" ಅಂದ.

ಎಲ್ಲರೂ ಆತ್ಯಾಬಾಯಿಯ ಮುಖ ನೋಡುತ್ತಿದ್ದರು. ಮೆಟ್ಟಿಲ ಮೇಲೆ ಹುಡುಗಿ, ವೈನಿ, ನಡುವೆ ಬಿಳಿ ಅಂಗಿಯ ತಂದೆ, ಮೂವರೂ ಇಳಿಯುತ್ತಿದ್ದವರು ಹಾಗೇ ನಿಂತಿದ್ದರು. ಇನ್ನು ಎರಡೇ ಮೆಟ್ಟಿಲು ಉಳಿದಿದ್ದವು. ಮುಗಿಯಿತು, ಮದುವೆ ಮುಂಬೈಗೆ ಹೋಯಿತು ಅಂದುಕೊಂಡೆ.

ಆತ್ಯಾಬಾಯಿ ಮೆಹಂದಿಯ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಾರೆ ಅಂದುಕೊಂಡರೆ ಅವರ ಹೆಗಲು ಕುಣಿಯುತ್ತಿತ್ತು. ನಗು ತಡೆಯಲಾರದೆ ಕೆಳಗೆ ಕೂತೇಬಿಟ್ಟರು. ಕಣ್ಣು ಒರೆಸಿಕೊಂಡು ಬಿಳಿ ಗಡ್ಡದ ಹಿರಿಯರಿಗೆ ಹೇಳಿದರು.

"ಹುಟ್ಟಿದಾಗಿಂದ ಈ ಪದ್ಧತಿ ನೋಡಾಕತ್ತೀನಿ. ಎಲ್ಲಾ ಮದುವ್ಯಾಗೂ ಹುಡುಗ ಬರ್ತಾನ, ನೋಡ್ತಾನ, ಅಲ್ಲಿ ಅಕಿನೇ ಇರ್ತಾಳ. ಸುಳ್ಳೇ ಯಾಕ ನೋಡ್ತಾರ ಅಂತ ನನಗ ಅನಸ್ತಿತ್ತು. ಇವತ್ತು ಮೊದಲನೇ ಸಲ ಅದು ಕೆಲಸಕ್ಕ ಬಂತು. ಇಷ್ಟು ಸರಿಯಾಗಿ ಇಸ್ರೇಲಿನಾಗೂ ಆಗಿಲ್ಲ, ಮುಂಬೈನಾಗೂ ಆಗಿಲ್ಲ."

ಹುಡುಗಿಯ ತಂದೆ ಆ ಉಳಿದ ಎರಡು ಮೆಟ್ಟಿಲು ಯಾರ ಕೈಯನ್ನೂ ಹಿಡಿಯದೆ ಇಳಿದರು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಹುಡುಗಿಯನ್ನು ಕೂಡಿಸಿದರು. ಹುಡುಗ ಈ ಸಲ ಭಾಳ ಹೊತ್ತು, ಹತ್ತಿರದಿಂದ, ಎರಡೂ ಕಡೆಯಿಂದ ನೋಡಿ ಖಾತ್ರಿ ಮಾಡಿಕೊಂಡೇ ಮುಸುಕು ಇಳಿಸಿದ. ಮದುವೆ ನಮ್ಮ ಅಂಗಳದಲ್ಲೇ ಆಯಿತು. ಬಿಳಿ ಅಂಗಿ ಚಪ್ಪರದ ಕೆಳಗೆ ಮಗಳ ಪಕ್ಕದಲ್ಲೇ ನಿಂತಿತ್ತು.

ಊಟದ ಹೊತ್ತಿಗೆ ನಮ್ಮ ಮನೆಯವರು ನನ್ನ ಹತ್ತಿರ ಬಂದು ಕೂತರು. ಚಪ್ಪರದ ಕಡೆ ನೋಡುತ್ತಾ ದೊಡ್ಡದೊಂದು ಉಸಿರು ಬಿಟ್ಟರು.

"ಮೊದಲೇ ಮುಸುಕೆತ್ತಿ ನೋಡೂ ಪದ್ಧತಿ ನಮ್ಮಾಗೂ ಇರಬೇಕಾಗಿತ್ತು" ಅಂದರು.

ಅವತ್ತು ಅವರಿಗೆ ಉಪವಾಸ. ನಮ್ಮ ಉಪವಾಸ ಅಲ್ಲ, ಮೇಲಿನ ಮನೆಯವರ ಉಪವಾಸ.